ಇನಿಶೀರ್ ದ್ವೀಪದ ಮರಳದಂಡೆ: ಹೋಗುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಐರ್ಲೆಂಡಿನ ಪಶ್ಚಿಮದಲ್ಲಿ, ಗಾಲ್ವೇ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಮೂರು ದ್ವೀಪಗಳು ಸಾಲಾಗಿ ಕೂತಿವೆ. ಅವೇ ಆರನ್ ದ್ವೀಪಗಳು. ಮೂರರಲ್ಲಿ ಎಲ್ಲಕ್ಕಿಂತ ಚಿಕ್ಕದು, ಪೂರ್ವದ ತುದಿಯಲ್ಲಿರುವುದು ಇನಿಶೀರ್. ಡಬ್ಲಿನ್‌ನಲ್ಲೋ ಕಾರ್ಕ್‌ನಲ್ಲೋ ಕೆಲಸಕ್ಕಿರುವ ನಮ್ಮವರು ರಜೆ ಸಿಕ್ಕಾಗ, ಊರಿಂದ ಅಪ್ಪ ಅಮ್ಮ ಬಂದಾಗ ಅಲ್ಲಿಗೆ ಹೋಗುವ ಯೋಚನೆ ಮಾಡುತ್ತಾರೆ. ಆಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ: ಆಗುವುದಾದರೆ ಒಂದು ರಾತ್ರಿಯಾದರೂ ಅಲ್ಲಿ ಉಳಿಯಿರಿ. ಯಾಕೆಂದು ಮುಂದೆ ಓದುತ್ತಾ ಹೋದಂತೆ ಗೊತ್ತಾಗುತ್ತದೆ.

ದ್ವೀಪ ಎಷ್ಟು ದೊಡ್ಡದು? ದಂಡೆ ಹುಡುಕಿಕೊಂಡು ಹೋಗಬೇಕಾ?

ಉದ್ದ ಅಗಲ ಎರಡೂ ಸುಮಾರು ಮೂರು ಕಿಲೋಮೀಟರ್ ಅಷ್ಟೇ. ವರ್ಷವಿಡೀ ಅಲ್ಲೇ ಬಾಳುವವರು ಮುನ್ನೂರರ ಆಚೀಚೆ. ದಂಡೆಯನ್ನು ಹುಡುಕಬೇಕಾಗಿಲ್ಲ. ದೋಣಿ ಇಳಿಯುವ ಕಟ್ಟೆಯ ಪಕ್ಕದಲ್ಲೇ ಬಿಳಿ ಮರಳು ಕಮಾನಿನಂತೆ ಬಾಗಿಕೊಂಡು ಪೂರ್ವಕ್ಕೆ ಹೋಗುತ್ತದೆ. ಸ್ಥಳೀಯರು ಅದನ್ನು ಬರೀ 'ಅನ್ ತ್ರಾ' ಅನ್ನುತ್ತಾರೆ. ಊರಿಗೆಲ್ಲ ದಂಡೆ ಅಂದರೆ ಅದೇ. ಕಟ್ಟೆಯ ಕಡೆ ಜನ ಹೆಚ್ಚು. ಮರಳಿನ ಮೇಲೆ ಪೂರ್ವಕ್ಕೆ, ವಿಮಾನ ಇಳಿಯುವ ಬಯಲಿನ ಕಡೆಗೆ ನಡೆದಷ್ಟೂ ಜನ ತೆಳುವಾಗುತ್ತಾರೆ.

ಆ ದ್ವೀಪ ಪೂರ್ತಿ ಕಲ್ಲು ಅಂತ ಕೇಳಿದ್ದೆ. ಹಾಗಾದರೆ ಮರಳು ಎಲ್ಲಿಂದ ಬಂತು?

ಕೇಳಿದ್ದು ನಿಜವೇ. ಆರನ್ ದ್ವೀಪಗಳು ಸುಣ್ಣಕಲ್ಲಿನ ಹಾಸು. ಎದುರು ದಡದ ಕ್ಲೇರ್ ಕೌಂಟಿಯಲ್ಲಿ ಬರೆನ್ ಎಂಬ ಕಲ್ಲುನಾಡಿದೆ. ಅದೇ ಬಂಡೆ ಸಮುದ್ರದಡಿ ಮುಂದುವರಿದು ಇಲ್ಲಿ ಮತ್ತೆ ತಲೆ ಎತ್ತಿದೆ. ಮೂವತ್ತು ಕೋಟಿ ವರ್ಷಕ್ಕೂ ಹಿಂದೆ ಬೆಚ್ಚಗಿನ, ಆಳವಿಲ್ಲದ ಕಡಲಿನ ತಳದಲ್ಲಿ ಜೀವಿಗಳ ಚಿಪ್ಪು, ಅಸ್ಥಿಗಳು ಪದರ ಪದರವಾಗಿ ಕೂತು ಆದ ಕಲ್ಲು ಅದು. ಕಣ್ಣಿಟ್ಟು ನೋಡಿದರೆ ಹಾಸುಗಲ್ಲಿನಲ್ಲಿ ಹಳೆಯ ಹವಳದ ಗುರುತುಗಳು ಸಿಗುತ್ತವೆ.

ಮರಳು ಉತ್ತರದ ದಂಡೆಯಲ್ಲೇ ಯಾಕೆ ನಿಂತಿತು ಅನ್ನುವುದನ್ನು ಗಾಳಿ ಹೇಳುತ್ತದೆ. ಅಟ್ಲಾಂಟಿಕ್ಕಿನ ಗಾಳಿ, ದೊಡ್ಡ ಅಲೆ ಬರುವುದು ಹೆಚ್ಚಾಗಿ ನೈರುತ್ಯದಿಂದ. ಆ ಹೊಡೆತವನ್ನೆಲ್ಲ ತಿನ್ನುವುದು ದ್ವೀಪದ ದಕ್ಷಿಣ, ಪಶ್ಚಿಮದ ಅಂಚುಗಳು. ಅಲ್ಲಿ ಮರಳು ನಿಲ್ಲುವುದಿಲ್ಲ. ಬಿರುಗಾಳಿ ಎತ್ತಿ ಒಗೆದ ದಪ್ಪ ದಪ್ಪ ಬಂಡೆಗಳ ರಾಶಿಯೇ ಅಲ್ಲಿನ ದಂಡೆ. ಉತ್ತರದ ಕಡೆ ದ್ವೀಪದ ಗುಡ್ಡವೇ ಗಾಳಿಗೆ ಅಡ್ಡ ನಿಂತಿರುವುದರಿಂದ ನೀರು ಸಮಾಧಾನವಾಗಿರುತ್ತದೆ, ಹೊತ್ತು ತಂದ ಮರಳನ್ನು ಅಲ್ಲಿ ಬಿಡುತ್ತದೆ. ಬೊಗಸೆಯಲ್ಲಿ ತೆಗೆದುಕೊಂಡು ಬಿಸಿಲಿಗೆ ಹಿಡಿಯಿರಿ. ಪುಡಿಪುಡಿಯಾದ ಚಿಪ್ಪಿನ ಚೂರುಗಳು ಬಿಳಿ, ತೆಳು ಗುಲಾಬಿ, ಕೆನೆ ಬಣ್ಣದಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ.

ನೀರು ಅಷ್ಟು ತಿಳಿಯಾಗಿರುವುದಕ್ಕೂ ಇದೇ ಕಲ್ಲು ಕಾರಣ. ಮಳೆ ಬಿದ್ದದ್ದೆಲ್ಲ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ದ್ವೀಪದಲ್ಲಿ ನದಿಯಿಲ್ಲ, ಹಾಗಾಗಿ ಕೆಸರು ಹೊತ್ತು ತಂದು ಕಡಲಿಗೆ ಸುರಿಯುವುದೇನೂ ಇಲ್ಲ. ಬಿಸಿಲಿರುವ ದಿನ ನೀರಿನ ಹಸಿರು ನೀಲಿ ನೋಡಿದವರು ಫೋಟೋ ತಿದ್ದಿದ್ದಾರೆ ಅಂದುಕೊಳ್ಳುತ್ತಾರೆ. ತಿದ್ದಬೇಕಾಗಿಯೇ ಇಲ್ಲ.

ಇಷ್ಟೆಲ್ಲ ದೋಣಿ ಹೋಗುವ ಜಾಗ ನಿಜಕ್ಕೂ ಪ್ರಶಾಂತವಾಗಿರುತ್ತಾ?

ಯಾವ ಹೊತ್ತಿನಲ್ಲಿ ಹೋಗುತ್ತೀರಿ ಅನ್ನುವುದರ ಮೇಲಿದೆ. ಜುಲೈ, ಆಗಸ್ಟ್‌ನ ಬಿಸಿಲಿನ ಮಧ್ಯಾಹ್ನ ಹೋದರೆ ಕಟ್ಟೆಯಲ್ಲಿ ಸಂತೆಯೇ. ದೋಣಿಗಳು ಬಂದ ಹಾಗೆ ಜನ ಇಳಿಯುತ್ತಾರೆ, ಕುದುರೆಗಾಡಿಯವರು, ಸೈಕಲ್ ಬಾಡಿಗೆಯವರು ಮಾತಾಡಿಸುತ್ತಾರೆ, ಅರ್ಧ ಜನ ದಡದಲ್ಲಿ ಬಿದ್ದಿರುವ ತುಕ್ಕು ಹಡಗಿನ ಕಡೆಗೆ, ಅರ್ಧ ಜನ ಗುಡ್ಡದ ಮೇಲಿನ ಕೋಟೆ ಕಡೆಗೆ. ಸಂಜೆಯ ಕೊನೆಯ ದೋಣಿ ಹೊರಟ ಮೇಲೆ ಊರು ಮತ್ತೆ ಊರಿನವರದ್ದಾಗುತ್ತದೆ. ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಸುಮಾರಿಗೆ. ಅಂದರೆ ದೋಣಿ ಹೋದ ಮೇಲೂ ನಾಲ್ಕೈದು ಗಂಟೆ ಬೆಳಕಿರುತ್ತದೆ, ದಂಡೆಯಲ್ಲಿ ಬೆರಳೆಣಿಕೆಯ ಜನ. ಬೆಳಗ್ಗೆ ಮೊದಲ ದೋಣಿ ಬರುವ ಮುಂಚೆಯೂ ಹಾಗೆಯೇ.

ಬಹಳ ಜನ ಬೆಳಗ್ಗೆ ಹೋಗಿ ಸಂಜೆ ಬರುತ್ತಾರೆ. ಬಂದು 'ಚೆನ್ನಾಗಿತ್ತು, ಆದರೆ ಸ್ವಲ್ಪ ಗದ್ದಲ' ಅನ್ನುತ್ತಾರೆ. ಅವರು ನೋಡಿದ್ದು ದೋಣಿಯ ವೇಳಾಪಟ್ಟಿಯ ನಡುವಿನ ದ್ವೀಪವನ್ನು ಮಾತ್ರ. ನನ್ನ ಪ್ರಕಾರ ಮೂರು ದ್ವೀಪಗಳನ್ನು ಒಂದೇ ದಿನ ಮುಗಿಸುವುದಕ್ಕಿಂತ ಇದೊಂದರಲ್ಲೇ ರಾತ್ರಿ ತಂಗುವುದು ಎಷ್ಟೋ ಮೇಲು.

ಹೋಗುವುದು ಹೇಗೆ?

ಎರಡು ದಾರಿ. ಕ್ಲೇರ್ ಕೌಂಟಿಯ ಡೂಲಿನ್ ಹಳ್ಳಿಯಿಂದ ದೂರ ಸುಮಾರು ಎಂಟು ಕಿಲೋಮೀಟರ್ ಮಾತ್ರ. ದೋಣಿ ಎಂಥದ್ದು ಅನ್ನುವುದರ ಮೇಲೆ ಕಾಲು ಗಂಟೆಯಿಂದ ಅರ್ಧ ಗಂಟೆ ಸಾಕು. ಆದರೆ ಡೂಲಿನ್ ದೋಣಿಗಳು ವಸಂತದಿಂದ ಶರತ್ಕಾಲದವರೆಗೆ ಮಾತ್ರ. ಗಾಲ್ವೇ ನಗರದಿಂದ ಪಶ್ಚಿಮಕ್ಕೆ ಸುಮಾರು ನಲವತ್ತು ಕಿಲೋಮೀಟರ್ ದೂರದ ರೊಸ್ಸಾವೀಲ್ ಬಂದರಿನಿಂದ ವರ್ಷವಿಡೀ ದೋಣಿ ಇದೆ. ಅಲ್ಲಿಂದ ಒಂದು ಗಂಟೆಯ ಆಸುಪಾಸು ಹಿಡಿಯುತ್ತದೆ. ಗಾಲ್ವೇಯಿಂದ ರೊಸ್ಸಾವೀಲ್‌ಗೆ ದೋಣಿ ಕಂಪನಿಯವರದ್ದೇ ಬಸ್ ಇರುತ್ತದೆ. ಟಿಕೆಟ್ ತೆಗೆಯುವಾಗಲೇ ಅದನ್ನೂ ಸೇರಿಸಿಕೊಳ್ಳಿ.

ಡಬ್ಲಿನ್‌ನಿಂದ ಗಾಲ್ವೇಗೆ ಹ್ಯೂಸ್ಟನ್ ನಿಲ್ದಾಣದಿಂದ ರೈಲಿದೆ, ಬಸ್ಸೂ ಇದೆ. ಎರಡಕ್ಕೂ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಗಾಲ್ವೇಯಿಂದ ಡೂಲಿನ್ ಕಡೆಗೆ 350ನೇ ನಂಬರಿನ ಬಸ್ ಹೋಗುತ್ತದೆ. ಡೂಲಿನ್‌ನಿಂದ ಹೋಗುವವರಿಗೆ ಇನ್ನೊಂದು ಅನುಕೂಲವಿದೆ: ವಾಪಸ್ ಬರುವಾಗ ಮೋಹರ್ ಕಡಿಬಂಡೆಗಳ ಕೆಳಗೆ ಸುತ್ತಿಸಿಕೊಂಡು ಬರುವ ದೋಣಿಗಳಿವೆ. ಇನ್ನೂರು ಮೀಟರ್‌ಗೂ ಎತ್ತರದ ಆ ಗೋಡೆಯನ್ನು ನೀರಿನ ಮೇಲಿಂದ ನೋಡುವುದೇ ಬೇರೆ.

ಅಲೆ ಇದ್ದ ದಿನ ದೋಣಿ ಚೆನ್ನಾಗಿ ಕುಲುಕುತ್ತದೆ. ಹೊಟ್ಟೆ ತೊಳಸುವವರು ಮಾತ್ರೆಯನ್ನು ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು. ಶುರುವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ.

ವಿಮಾನ ಇದೆ ಅಂದರಲ್ಲ?

ಇದೆ. ಗಾಲ್ವೇ ನಗರದ ಪಶ್ಚಿಮಕ್ಕಿರುವ ಕಾನಮಾರಾ ಸೀಮೆಯ ಇನ್ವೆರಿನ್ ಹತ್ತಿರದ ಚಿಕ್ಕ ವಿಮಾನ ನಿಲ್ದಾಣದಿಂದ ಪುಟ್ಟ ಐಲ್ಯಾಂಡರ್ ವಿಮಾನ ಹಾರುತ್ತದೆ. ಹತ್ತು ನಿಮಿಷದೊಳಗೆ ದ್ವೀಪ. ಸಾಮಾನು ಕಡಿಮೆ ಇರಬೇಕು, ಸೀಟು ಮೊದಲೇ ಕಾದಿರಿಸಬೇಕು.

ಕಾರು ತೆಗೆದುಕೊಂಡು ಹೋಗಬಹುದಾ?

ಇಲ್ಲ. ಪ್ರವಾಸಿಗರ ಕಾರು ದೋಣಿಗೆ ಹತ್ತುವುದಿಲ್ಲ, ಅಲ್ಲಿ ಅದರ ಅಗತ್ಯವೂ ಇಲ್ಲ. ನಡೆಯಿರಿ, ಇಲ್ಲವೇ ಕಟ್ಟೆಯ ಹತ್ತಿರ ಸೈಕಲ್ ಬಾಡಿಗೆಗೆ ಹಿಡಿಯಿರಿ.

ಯಾವ ತಿಂಗಳು ಒಳ್ಳೆಯದು?

ಮೇ, ಜೂನ್, ಸೆಪ್ಟೆಂಬರ್. ಮೇ ತಿಂಗಳಲ್ಲಿ ಕಲ್ಲಿನ ಬಿರುಕುಗಳಲ್ಲಿ ಕಾಡು ಹೂಗಳು ಅರಳಿರುತ್ತವೆ. ಜೂನ್‌ನಲ್ಲಿ ಹಗಲು ಉದ್ದ. ಸೆಪ್ಟೆಂಬರ್‌ನಲ್ಲಿ ಬೇಸಿಗೆಯಿಡೀ ಕಾದ ನೀರು ಇನ್ನೂ ಪೂರ್ತಿ ಆರಿರುವುದಿಲ್ಲ, ಜನ ಮಾತ್ರ ಖಾಲಿ. ಜುಲೈ, ಆಗಸ್ಟ್‌ನಲ್ಲಿ ಪ್ರವಾಸಿಗರ ಜೊತೆ ಐರಿಷ್ ಭಾಷೆ ಕಲಿಯಲು ಬೇರೆ ಊರುಗಳ ಶಾಲಾ ಮಕ್ಕಳೂ ಬಂದು ದ್ವೀಪದ ಮನೆಗಳಲ್ಲಿ ಉಳಿದಿರುತ್ತಾರೆ. ಅವರು ದಂಡೆಗೆ ಬಂದರೆ ಅಲ್ಲಿ ಒಳ್ಳೆಯ ಗಲಗಲ. ಅದೂ ನೋಡಲು ಚೆಂದವೇ.

ಯಾವ ತಿಂಗಳಾದರೂ ಮಳೆ ಜಾಕೆಟ್ ಚೀಲದಲ್ಲಿರಲಿ. ಕೊಡೆ ಬೇಡ, ಆ ಗಾಳಿಗೆ ನಿಲ್ಲುವುದಿಲ್ಲ. ಬೇಸಿಗೆಯ ಹಗಲಲ್ಲೂ ಸಾಮಾನ್ಯವಾಗಿ 15ರಿಂದ 18 ಡಿಗ್ರಿ ಅಷ್ಟೇ. ತಂಪು ಗಾಳಿಯಲ್ಲಿ ಬಿಸಿಲಿನ ಸುಡು ಗೊತ್ತಾಗುವುದಿಲ್ಲ, ಆದ್ದರಿಂದ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ.

ನೀರಿಗೆ ಇಳಿಯಬಹುದಾ? ತುಂಬಾ ತಣ್ಣಗಿರುತ್ತಾ?

ಇಳಿಯಬಹುದು, ಇಳಿಯಬೇಕು ಕೂಡ. ಆದರೆ ಮಲ್ಪೆ, ಗೋಕರ್ಣದ ಕಡಲಿನ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಓಡಿಹೋಗಿ ಹಾರಬೇಡಿ. ನಮ್ಮ ಕರಾವಳಿಯ ನೀರು 28 ಡಿಗ್ರಿಯ ಆಸುಪಾಸು ಇರುತ್ತದೆ. ಇಲ್ಲಿ ಆಗಸ್ಟ್‌ನಲ್ಲಿ, ಅಂದರೆ ವರ್ಷದಲ್ಲೇ ಅತಿ ಬೆಚ್ಚಗಿರುವಾಗ, 15-16 ಡಿಗ್ರಿ. ಮೇ ತಿಂಗಳಲ್ಲಿ ಇನ್ನೂ ಕಡಿಮೆ.

ಅಷ್ಟು ತಣ್ಣನೆಯ ನೀರು ಎದೆಗೆ ಮುಟ್ಟಿದ ಕೂಡಲೇ ಉಸಿರು ತಾನಾಗಿ ಒಳಕ್ಕೆಳೆಯುತ್ತದೆ, ಎದೆ ಬಡಿತ ಏರುತ್ತದೆ. ಅದು ಹೆದರಿಕೆಯಲ್ಲ, ದೇಹದ ಪ್ರತಿಕ್ರಿಯೆ. ಆ ಹೊತ್ತಿನಲ್ಲಿ ಮುಖ ನೀರೊಳಗಿದ್ದರೆ ಅಪಾಯ. ಈಜು ಚೆನ್ನಾಗಿ ಬರುವವರೂ ತೊಂದರೆಗೆ ಸಿಕ್ಕುವುದು ಈ ಮೊದಲ ಒಂದೆರಡು ನಿಮಿಷದಲ್ಲಿ. ಹಾಗಾಗಿ ನಿಧಾನವಾಗಿ ನಡೆದು ಇಳಿಯಿರಿ. ಮೊಣಕಾಲು, ಸೊಂಟ, ಆಮೇಲೆ ಎದೆ. ಕತ್ತಿಗೆ, ಮುಖಕ್ಕೆ ನೀರು ಎರಚಿಕೊಳ್ಳಿ, ಉಸಿರು ಹತೋಟಿಗೆ ಬಂದ ಮೇಲೆ ಈಜಿ. ಎಲ್ಲಾದರೂ ಗಾಬರಿಯಾದರೆ ಕೈಕಾಲು ಬಡಿಯದೆ ಅಂಗಾತ ತೇಲಿ, ಉಸಿರು ಸರಿಹೋಗಲು ಬಿಡಿ. ಹೃದಯದ ತೊಂದರೆ, ಬಿಪಿ ಇರುವವರು ವೈದ್ಯರನ್ನು ಕೇಳದೆ ಇಳಿಯಬೇಡಿ. ಪಾದ ನೆನೆಸಿಕೊಂಡು ನಡೆದರೂ ಖುಷಿಯೇ.

ಹೊರಗೆ ಬಂದ ಮೇಲೆ ಫೋಟೋ ಆಮೇಲೆ, ಮೊದಲು ಒದ್ದೆ ಬಟ್ಟೆ ತೆಗೆಯಿರಿ. ದಡಕ್ಕೆ ಬಂದ ಮೇಲೂ ಸ್ವಲ್ಪ ಹೊತ್ತು ಮೈಯ ಒಳಗಿನ ಶಾಖ ಇಳಿಯುತ್ತಲೇ ಇರುತ್ತದೆ. ಉಣ್ಣೆ ಟೋಪಿ, ಫ್ಲಾಸ್ಕಿನಲ್ಲಿ ಬಿಸಿ ಚಹಾ, ಈ ಎರಡು ಇದ್ದರೆ ಚಳಿ ಬೇಗ ಬಿಡುತ್ತದೆ. ಮೈಮುಚ್ಚುವ ಉಡುಪೇ ಬೇಕೆನ್ನುವವರಿಗೆ ವೆಟ್‌ಸೂಟ್ ಒಳ್ಳೆಯದು, ಚಳಿಯೂ ತಡೆಯುತ್ತದೆ. ಸೀರೆಯನ್ನೋ ಚೂಡಿದಾರವನ್ನೋ ಉಟ್ಟು ಸೊಂಟದ ಮೇಲಿನ ನೀರಿಗೆ ಹೋಗಬೇಡಿ. ಒದ್ದೆಯಾದ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ಕಾಯುವವರು ಯಾರಾದರೂ ಇರುತ್ತಾರಾ?

ಬೇಸಿಗೆಯ ಸೀಸನ್ನಿನಲ್ಲಿ ಜೀವರಕ್ಷಕರಿರುತ್ತಾರೆ. ದಿನ, ಸಮಯ ದಂಡೆಯ ಫಲಕದಲ್ಲಿರುತ್ತದೆ. ಕೆಂಪು ಹಳದಿ ಬಾವುಟಗಳ ನಡುವೆಯೇ ಈಜಿ. ಬರೀ ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗೆ ಇಳಿಯುವಂತಿಲ್ಲ. ಅವರಿಲ್ಲದ ಹೊತ್ತಿನಲ್ಲಿ ಒಬ್ಬರೇ ಇಳಿಯಬೇಡಿ. ನಾನು ಹೊಗಳಿದ ಆ ಪ್ರಶಾಂತ ಸಂಜೆಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಪಾಯವಾದರೆ 112 ಅಥವಾ 999ಕ್ಕೆ ಫೋನ್ ಮಾಡಿ 'ಕೋಸ್ಟ್ ಗಾರ್ಡ್' ಎಂದು ಕೇಳಿ. ದ್ವೀಪದ ದಕ್ಷಿಣ, ಪಶ್ಚಿಮದ ಬಂಡೆಯಂಚಿನಲ್ಲಿ ಮಾತ್ರ ಯಾವ ಕಾಲದಲ್ಲೂ ನೀರಿಗಿಳಿಯುವ ಯೋಚನೆ ಬೇಡ.

ಲೋಳೆಮೀನು (ಜೆಲ್ಲಿಫಿಶ್) ಕುಟುಕುತ್ತಾ?

ಬೇಸಿಗೆಯಲ್ಲಿ ಬರುತ್ತವೆ. ಹೆಚ್ಚಿನವು ನಿರಪಾಯ. ಕಂದುಗೆಂಪು ಜಟೆ ಬಿಟ್ಟಂತೆ ಕಾಣುವ ಲಯನ್ಸ್ ಮೇನ್ ಎಂಬುದು ಮಾತ್ರ ಜೋರು. ಅದರ ಎಳೆ ಉದ್ದ, ಸತ್ತು ದಡಕ್ಕೆ ಬಿದ್ದದ್ದೂ ಕುಟುಕುತ್ತದೆ, ಆದ್ದರಿಂದ ಮಕ್ಕಳು ಕೋಲಿನಿಂದಲೂ ಕೆದಕದಂತೆ ನೋಡಿಕೊಳ್ಳಿ. ಕುಟುಕಿದರೆ ಉಜ್ಜಬೇಡಿ, ಐಸ್ ಇಡಬೇಡಿ. ಗಾಲ್ವೇ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಇದೇ ಜಾತಿಯ ಮೇಲೆ ಪರೀಕ್ಷೆ ಮಾಡಿ ತೋರಿಸಿದ್ದು: ವಿನೆಗರ್‌ನಿಂದ ತೊಳೆದು, 45 ಡಿಗ್ರಿಯಷ್ಟು ಬಿಸಿಯನ್ನು 40 ನಿಮಿಷ ಕೊಡುವುದು ಒಳ್ಳೆಯದು. ಉಸಿರಾಟದ ತೊಂದರೆ ಕಂಡರೆ ಕಾಯದೆ ಸಹಾಯ ಕರೆಯಿರಿ.

ಮರಳಿನಲ್ಲಿ ಹೂತುಕೊಂಡಿರುವ ವೀವರ್ ಎಂಬ ಚಿಕ್ಕ ಮುಳ್ಳುಮೀನೂ ಐರ್ಲೆಂಡಿನ ದಂಡೆಗಳಲ್ಲಿದೆ. ರಬ್ಬರ್ ಅಡಿಯ ಶೂ ಹಾಕಿಕೊಂಡರೆ ಆ ಚಿಂತೆ ಕಡಿಮೆ.

ಡಾಲ್ಫಿನ್ ಜೊತೆ ಈಜಬಹುದು ಅಂತ ವಿಡಿಯೋ ನೋಡಿದೆ. ನಿಜವಾ?

ಬೇಡ. ಡಸ್ಟಿ ಎಂದು ಜನ ಹೆಸರಿಟ್ಟ ಹೆಣ್ಣು ಡಾಲ್ಫಿನ್ ಒಂದು ಹಲವು ವರ್ಷ ಮೊದಲು ಕ್ಲೇರ್ ತೀರದಲ್ಲಿ, ಆಮೇಲೆ ಈ ಕಟ್ಟೆಯ ಸುತ್ತ ಓಡಾಡಿಕೊಂಡಿತ್ತು. ಅದರ ಜೊತೆ ಈಜಲು ಹೋಗಿ 2013ರಲ್ಲಿ ಡೂಲಿನ್ ಕಡೆ ಹಲವರು ಪೆಟ್ಟು ತಿಂದರು. ನೀರಿನಲ್ಲಿ ಡಾಲ್ಫಿನ್ ಕಂಡರೆ ಮೇಲೆ ಬಂದು ದಡದಿಂದ ನೋಡಿ. ಅದಕ್ಕೂ ಅದರ ಪಾಡಿಗೆ ಇರಲು ಜಾಗ ಬೇಕು.

ಉಬ್ಬರ ಇಳಿತ ನೋಡಿಕೊಂಡು ಹೋಗಬೇಕಾ?

ಹೌದು. ಗಾಲ್ವೇ ಕೊಲ್ಲಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನಗಳಲ್ಲಿ ನೀರಿನ ಏರಿಳಿತ ನಾಲ್ಕು ಮೀಟರ್ ದಾಟುತ್ತದೆ. ಇಳಿತದಲ್ಲಿ ದಂಡೆ ಅಗಲವಾಗಿ ತೆರೆದುಕೊಂಡು ಮಕ್ಕಳಿಗೆ ಬಯಲೇ ಸಿಕ್ಕಂತಾಗುತ್ತದೆ, ಅಂಚಿನ ಬಂಡೆಗಳ ಗುಂಡಿಗಳಲ್ಲಿ ಏಡಿ, ಸಣ್ಣ ಮೀನು ಕಾಣುತ್ತವೆ. ಉಬ್ಬರದಲ್ಲಿ ಮರಳು ಕಿರಿದಾಗುತ್ತದೆ. ಎರಡು ಉಬ್ಬರಗಳ ನಡುವೆ ಹನ್ನೆರಡೂವರೆ ಗಂಟೆಗೆ ಸ್ವಲ್ಪ ಕಡಿಮೆ. ಹಾಗಾಗಿ ಇವತ್ತಿನ ಹೊತ್ತಿಗೆ ಮುಕ್ಕಾಲು ಗಂಟೆಗೂ ಸ್ವಲ್ಪ ಹೆಚ್ಚು ಸೇರಿಸಿದರೆ ನಾಳೆಯ ಹೊತ್ತು.

ವಯಸ್ಸಾದವರನ್ನು, ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಮಕ್ಕಳಿಗೆ ಹೇಳಿ ಮಾಡಿಸಿದ ದಂಡೆ. ಇಳಿಜಾರು ನಿಧಾನ, ಗಾಳಿಗೆ ಮರೆಯಿದೆ. ಹಿರಿಯರಿಗೆ ಕಷ್ಟವಾಗಬಹುದಾದದ್ದು ದೋಣಿ ಹತ್ತಿ ಇಳಿಯುವುದು. ಅಲೆ ಇದ್ದರೆ ದೋಣಿ ಕಟ್ಟೆಯ ಪಕ್ಕದಲ್ಲೇ ಏರಿಳಿಯುತ್ತಿರುತ್ತದೆ. ಸಿಬ್ಬಂದಿ ಕೈ ಹಿಡಿದು ಇಳಿಸುತ್ತಾರೆ. ಮಂಡಿ ನೋವಿರುವವರು, ಗಾಲಿಕುರ್ಚಿ ಬೇಕಾದವರು ಟಿಕೆಟ್ ತೆಗೆಯುವಾಗಲೇ ಹೇಳಿಬಿಡಿ. ದಂಡೆಯವರೆಗೆ ರಸ್ತೆ ಇದೆ. ಗುಡ್ಡದ ಮೇಲಿನ ಕೋಟೆಗೆ ಏರು ಇದೆ, ಅಲ್ಲಿಗೆ ಕುದುರೆಗಾಡಿ ಒಳ್ಳೆಯದು. ದಿನದ ಔಷಧಿಗಳನ್ನು ಒಂದೆರಡು ದಿನಕ್ಕೆ ಹೆಚ್ಚುವರಿಯಾಗಿಯೇ ಇಟ್ಟುಕೊಳ್ಳಿ.

ದಂಡೆಯ ಹತ್ತಿರ ನೋಡುವಂಥದ್ದು ಏನಿದೆ?

ಮೊದಲು ದಂಡೆಯ ಮೇಲಿನ ಮರಳುಗುಡ್ಡಕ್ಕೆ ಹೋಗಿ. ಅಲ್ಲಿ ಊರಿನ ಸಮಾಧಿ ಭೂಮಿ. ನಡುವೆ ಒಂದು ತಗ್ಗು, ಆ ತಗ್ಗಿನೊಳಗೆ ಚಾವಣಿಯಿಲ್ಲದ ಕಲ್ಲಿನ ಚರ್ಚು, ಸಂತ ಕೀವಾನ್‌ನದು. ಹತ್ತನೇ ಶತಮಾನದಷ್ಟು ಹಳೆಯ ಭಾಗಗಳು ಅದರಲ್ಲಿವೆ. ಕಟ್ಟಿದಾಗ ಅದು ತಗ್ಗಿನಲ್ಲಿರಲಿಲ್ಲ. ಗಾಳಿ ತಂದ ಮರಳು ಸುತ್ತ ಏರುತ್ತಾ ಏರುತ್ತಾ ಗೋಡೆಗಳನ್ನು ಮುಳುಗಿಸಿತು. ಊರಿನವರು ವರ್ಷ ವರ್ಷ ಮರಳು ತೆಗೆದು ಅದನ್ನು ಉಳಿಸಿಕೊಂಡಿದ್ದಾರೆ. ಸುತ್ತಲಿನ ಗೋರಿಗಳು ನಿಮ್ಮ ಕಾಲಿನ ಮಟ್ಟದಲ್ಲಿ, ಚರ್ಚಿನ ಗೋಡೆಯ ತುದಿಯೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ. ಪ್ರತಿ ವರ್ಷ ಜೂನ್ 14ರಂದು ಸಂತನ ಹಬ್ಬ. ಇದು ಇವತ್ತಿಗೂ ಊರಿನವರು ತಮ್ಮವರನ್ನು ಮಣ್ಣು ಮಾಡುವ ಜಾಗ, ಅಲ್ಲಿ ಬುತ್ತಿ ಬಿಚ್ಚಿ ಕೂರಬೇಡಿ, ಗೋರಿಗಳ ಮೇಲೆ ಕಾಲಿಡಬೇಡಿ.

ದಂಡೆಗೆ ಹತ್ತಿರದಲ್ಲೇ ನೊಕ್ ರಾಹನಿ ಎಂಬ ದಿಬ್ಬವಿದೆ. 1885ರಲ್ಲಿ ಬಿರುಗಾಳಿಯೊಂದು ಮರಳನ್ನು ಹಾರಿಸಿಕೊಂಡು ಹೋದಾಗ ಬೆಳಕಿಗೆ ಬಂದ ಕಂಚಿನ ಯುಗದ ಸಮಾಧಿ ಅದು. ಚರ್ಚನ್ನು ಹೂತದ್ದೂ ಗಾಳಿಯೇ, ಇದನ್ನು ಬಿಚ್ಚಿಟ್ಟದ್ದೂ ಗಾಳಿಯೇ. ಗುಡ್ಡದ ನೆತ್ತಿಯಲ್ಲಿ ಕಾಣುವುದು ಹದಿನಾಲ್ಕನೇ ಶತಮಾನದ ಓಬ್ರಿಯನ್ ಕೋಟೆ, ಅದನ್ನು ಕಟ್ಟಿದ್ದು ಅದಕ್ಕಿಂತ ಎಷ್ಟೋ ಹಳೆಯದಾದ ಕಲ್ಲುಕೋಟೆಯೊಂದರ ಒಳಗೆ. ದಕ್ಷಿಣ ತುದಿಯಲ್ಲಿ 1857ರ ದೀಪಸ್ತಂಭ.

ತುಕ್ಕು ಹಿಡಿದ ಹಡಗು ಎಲ್ಲಿದೆ?

ಪೂರ್ವದ ತೀರದಲ್ಲಿ, ನಡೆದೇ ಹೋಗಬಹುದು. ಪ್ಲಾಸಿ ಎಂಬ ಸರಕು ಹಡಗು 1960ರ ಮಾರ್ಚ್ 8ರಂದು ಬಿರುಗಾಳಿಗೆ ಸಿಕ್ಕಿ ಬಂಡೆಗೆ ಬಡಿಯಿತು. ದ್ವೀಪದವರು ರಾಕೆಟ್‌ನಿಂದ ಹಗ್ಗ ಹಾರಿಸಿ ಹಡಗಿಗೆ ಮುಟ್ಟಿಸಿದರು. ಆ ಹಗ್ಗಕ್ಕೆ ಜೋತುಬಿಟ್ಟ ತೊಟ್ಟಿಲಿನಂಥದ್ದರಲ್ಲಿ ಹಡಗಿನವರನ್ನು ಒಬ್ಬೊಬ್ಬರಾಗಿ ದಡಕ್ಕೆ ಎಳೆದುಕೊಂಡರು. ಹನ್ನೊಂದು ಜನರೂ ಉಳಿದರು. ಕೆಲವು ವಾರಗಳಲ್ಲೇ ಇನ್ನೊಂದು ಬಿರುಗಾಳಿ ಹಡಗನ್ನೇ ಎತ್ತಿ ಬಂಡೆರಾಶಿಯ ಮೇಲೆ ಕೂರಿಸಿತು. ಇಷ್ಟು ವರ್ಷದ ತುಕ್ಕಿಗೆ ತಗಡು ಹಾಳೆಯಂತೆ ಹರಿಯುತ್ತಿದೆ. ಒಳಗೆ ಹತ್ತಲು ಹೋಗಬೇಡಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಸಿಗುತ್ತದೆ, ಆಯ್ಕೆ ಕಡಿಮೆ. ಪಬ್, ಕೆಫೆಗಳಲ್ಲಿ ತರಕಾರಿ ಸೂಪು, ಕಂದು ಬಣ್ಣದ ಸೋಡಾ ಬ್ರೆಡ್, ಬೆಣ್ಣೆ, ಆಲೂಗಡ್ಡೆ, ಚೀಸ್ ಸ್ಯಾಂಡ್‌ವಿಚ್ ಸಿಗುತ್ತವೆ. ಸೂಪಿನ ನೀರು ಕೋಳಿಯದ್ದೋ ಮೀನಿನದ್ದೋ ಎಂದು ಕೇಳಿಕೊಳ್ಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮೀನು ತಿನ್ನುವವರಿಗೆ ಚಿಂತೆಯೇ ಇಲ್ಲ. ಸೀಸನ್ ಮುಗಿದ ಮೇಲೆ ಅಡುಗೆಮನೆಗಳು ಬೇಗ ಮುಚ್ಚುತ್ತವೆ, ಕೆಲವು ತೆರೆಯುವುದೇ ಇಲ್ಲ. ಅವಲಕ್ಕಿ, ಚಟ್ನಿಪುಡಿ ಚೀಲದಲ್ಲಿದ್ದರೆ ಬಿಸಿನೀರು ಸಿಕ್ಕಿದ ಕಡೆ ರಾತ್ರಿ ಊಟ ಆಯಿತು.

ಊರಿಂದ ಬರುವಾಗ ತಿಂಡಿ ತರಬಹುದಾ?

ಒಣ ತಿಂಡಿ ಪರವಾಗಿಲ್ಲ: ಚಕ್ಕುಲಿ, ಅವಲಕ್ಕಿ, ಪುಡಿಗಳು. ಹಾಲಿನದ್ದು, ಮಾಂಸದ್ದು ಯುರೋಪಿಯನ್ ಒಕ್ಕೂಟದ ಹೊರಗಿನಿಂದ ತರುವಂತಿಲ್ಲ. ಅಂದರೆ ಧಾರವಾಡ ಪೇಡ, ಮನೆಯ ತುಪ್ಪ ಎರಡೂ ಇಲ್ಲ. ಹಸಿ ಕರಿಬೇವೂ ಬೇಡ. ತಾಜಾ ಹಣ್ಣಿನಲ್ಲಿ ಬಾಳೆ, ತೆಂಗು, ಅನಾನಸ್, ಖರ್ಜೂರ, ಡೂರಿಯನ್‌ಗೆ ಮಾತ್ರ ಪ್ರಮಾಣಪತ್ರದ ಗೊಡವೆಯಿಲ್ಲ.

ಉಳಿಯಲು ಜಾಗ?

ಮನೆಗಳಲ್ಲೇ ನಡೆಸುವ ಬೆಡ್ ಅಂಡ್ ಬ್ರೇಕ್‌ಫಾಸ್ಟ್, ಹಾಸ್ಟೆಲ್, ಹೋಟೆಲ್, ಬೇಸಿಗೆಯಲ್ಲಿ ದಂಡೆಯ ಹತ್ತಿರ ಡೇರೆ ಹಾಕುವ ಜಾಗ. ಕೋಣೆಗಳು ಸಂಖ್ಯೆಯಲ್ಲಿ ಕಡಿಮೆ. ಕೋಣೆ ಸಿಕ್ಕಿದ ಮೇಲೆ ದೋಣಿ ಟಿಕೆಟ್ ತೆಗೆಯಿರಿ, ತಿರುಗಾಮುರುಗಾ ಮಾಡಬೇಡಿ. ಜೂನ್ ಕೊನೆಯಲ್ಲಿ ಬೌರಾನ್ ಎಂಬ ಚರ್ಮವಾದ್ಯದ ಶಿಬಿರ ನಡೆಯುವ ವಾರದಲ್ಲಿ ಕೋಣೆ ಸಿಗುವುದು ಕಷ್ಟ. ಸಿಕ್ಕಿದರೆ ಪಬ್ಬುಗಳಲ್ಲಿ ರಾತ್ರಿಯಿಡೀ ಒಳ್ಳೆಯ ವಾದನ ಕೇಳಬಹುದು.

ದುಡ್ಡು?

ಯೂರೋ. ಕಾರ್ಡ್ ಬಹಳ ಕಡೆ ನಡೆಯುತ್ತದೆ. ಬ್ಯಾಂಕಿನ ಶಾಖೆ ಇಲ್ಲ, ಕುದುರೆಗಾಡಿಗೆ, ಸಣ್ಣಪುಟ್ಟ ಖರೀದಿಗೆ ನಗದು ಮೊದಲೇ ತೆಗೆದಿಟ್ಟುಕೊಳ್ಳಿ.

ಅಲ್ಲಿ ಯಾವ ಭಾಷೆ ಮಾತಾಡುತ್ತಾರೆ?

ತಮ್ಮತಮ್ಮಲ್ಲಿ ಐರಿಷ್, ನಿಮ್ಮ ಜೊತೆ ಇಂಗ್ಲಿಷ್. ಸರ್ಕಾರ ಗುರುತಿಸಿದ ಐರಿಷ್ ಭಾಷಾ ಪ್ರದೇಶಗಳಲ್ಲಿ ಇದೂ ಒಂದು. ಅಂಗಡಿಯಿಂದ ಹೊರಡುವಾಗ 'ಗೊ ರೆವ್ ಮಾ ಅಗತ್' ಎಂದು ವಂದನೆ ಹೇಳಿ. ಉಚ್ಚಾರ ತಪ್ಪಿದರೂ ಮುಖ ಅರಳುತ್ತದೆ. ದೊಡ್ಡ ಭಾಷೆಯ ಪಕ್ಕದಲ್ಲಿ ಮನೆಮಾತನ್ನು ದಿನನಿತ್ಯ ಬಳಸಿ ಉಳಿಸಿಕೊಂಡಿರುವ ಜನ ಅವರು. ಅವರಾಡುವುದನ್ನು ಕೇಳುವುದಕ್ಕೇ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸುತ್ತದೆ ನನಗೆ.

ಕಲ್ಲುಗೋಡೆ ಹತ್ತಿ ಹೊಲ ದಾಟಬಹುದಾ? ದಡದಲ್ಲಿ ಬೋರಲಾಗಿ ಇಟ್ಟಿರುವ ದೋಣಿಗಳ ಮೇಲೆ ಕೂತು ಫೋಟೋ?

ಎರಡೂ ಬೇಡ, ಕಾರಣ ಹೇಳುತ್ತೇನೆ. ಈ ಗೋಡೆಗಳಿಗೆ ಗಾರೆಯಿಲ್ಲ. ಕಲ್ಲಿನ ಮೇಲೆ ಕಲ್ಲು, ನಡುವೆ ಸಂದು. ಸಂದಿನಲ್ಲಿ ಗಾಳಿ ನುಸುಳಿ ಹೋಗುವುದರಿಂದಲೇ ಬಿರುಗಾಳಿಗೆ ಅವು ಬೀಳದೆ ನಿಂತಿವೆ. ಆದರೆ ಮನುಷ್ಯ ಹತ್ತಿದರೆ ಜಾರುತ್ತವೆ. ಬಹಳ ಹೊಲಗಳಿಗೆ ಗೇಟೂ ಇಲ್ಲ. ದನ ಒಳಗೆ ಬಿಡಬೇಕಾದರೆ ರೈತ ಗೋಡೆಯ ಒಂದು ಭಾಗದ ಕಲ್ಲುಗಳನ್ನು ಕೈಯಲ್ಲೇ ಕೆಡವಿ, ದನ ಹೋದ ಮೇಲೆ ಮತ್ತೆ ಕೈಯಲ್ಲೇ ಕಟ್ಟುತ್ತಾನೆ. ಒಳಗಿನ ಮಣ್ಣು ಕೂಡ ಬಹುಪಾಲು ಜನ ಮಾಡಿದ್ದು. ಬರಿಯ ಬಂಡೆಯ ಮೇಲೆ ಮರಳು, ಕಡಲಪಾಚಿ ತಂದು ತಂದು ಹಾಕಿ ತಲೆಮಾರುಗಳ ಕಾಲ ಮಾಡಿದ ಮಣ್ಣು. ಅದರಲ್ಲಿ ಆಲೂಗಡ್ಡೆ ಬೆಳೆದು ಬದುಕಿದ್ದಾರೆ. ನೀವು ಕಾಲಿಡುವ ಮುಂಚೆ ಇದು ನೆನಪಿರಲಿ.

ದೋಣಿಗಳ ಹೆಸರು ಕರಾಕ್. ಮರದ ತೆಳು ಪಟ್ಟಿಗಳ ಹಂದರಕ್ಕೆ ಕ್ಯಾನ್ವಾಸ್ ಬಿಗಿದು, ಡಾಂಬರು ಬಳಿದಿರುತ್ತಾರೆ. ಹಿಂದೆ ಕ್ಯಾನ್ವಾಸಿನ ಜಾಗದಲ್ಲಿ ತೊಗಲು ಇತ್ತು. ಕೈಯಿಂದ ತಟ್ಟಿ ನೋಡಿದರೆ ಹೊದಿಕೆ ಎಷ್ಟು ತೆಳು ಎಂದು ತಿಳಿಯುತ್ತದೆ. ಮೇಲೆ ಕೂತರೆ ಹರಿಯುತ್ತದೆ. ಪಕ್ಕದಲ್ಲಿ ನಿಂತು ಎಷ್ಟು ಬೇಕಾದರೂ ಫೋಟೋ ತೆಗೆದುಕೊಳ್ಳಿ.

ಚಿಪ್ಪು, ಮರಳು ತರಬಹುದಾ?

ನೋಡಿ, ಫೋಟೋ ತೆಗೆದು, ಅಲ್ಲೇ ಬಿಡಿ. ತಂದ ಪ್ಲಾಸ್ಟಿಕ್ಕನ್ನು ಮಾತ್ರ ವಾಪಸ್ ತನ್ನಿ. ಅಲ್ಲಿನ ಕಸವೂ ದೋಣಿಯಲ್ಲೇ ದಾಟಬೇಕು.

ಅಪ್ಪ ಅಮ್ಮನಿಗೆ ಷೆಂಗೆನ್ ವೀಸಾ ಇದೆ. ಸಾಕಾ?

ಸಾಲದು. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವ್ಯವಸ್ಥೆಯೊಳಗೆ ಐರ್ಲೆಂಡ್ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಐರ್ಲೆಂಡಿನದ್ದೇ ಅಲ್ಪಾವಧಿ ವೀಸಾ ಬೇಕು, ಗರಿಷ್ಠ 90 ದಿನ. ಬ್ರಿಟನ್ನಿನ ಕೆಲವು ಬಗೆಯ ವೀಸಾ ಇರುವ ಭಾರತೀಯರಿಗೆ ರಿಯಾಯಿತಿ ವ್ಯವಸ್ಥೆಗಳಿವೆ. ಎಲ್ಲ ಬ್ರಿಟಿಷ್ ವೀಸಾಗಳಿಗೂ ಅಲ್ಲ, ಐರ್ಲೆಂಡ್ ವಲಸೆ ಇಲಾಖೆಯ ಜಾಲತಾಣ ನೋಡಿಯೇ ಟಿಕೆಟ್ ತೆಗೆಯಿರಿ.

ದೋಣಿ ರದ್ದಾದರೆ ಏನು ಮಾಡುವುದು?

ಗಾಳಿ ಏರಿದರೆ ರದ್ದಾಗುತ್ತದೆ, ಬೇಸಿಗೆಯಲ್ಲೂ. ಆಗ ಯಾರ ಮೇಲೂ ಕೂಗಾಡಿ ಪ್ರಯೋಜನವಿಲ್ಲ, ಹೋಗಬಾರದೆಂದು ನಿರ್ಧರಿಸುವ ನಾವಿಕನಿಗೆ ಆ ಕಡಲು ನಮಗಿಂತ ಚೆನ್ನಾಗಿ ಗೊತ್ತು. ದ್ವೀಪದಿಂದ ಬಂದ ಮಾರನೇ ದಿನವೇ ಬೆಂಗಳೂರಿಗೆ ವಿಮಾನ ಇಟ್ಟುಕೊಳ್ಳಬೇಡಿ, ನಡುವೆ ಕನಿಷ್ಠ ಒಂದು ದಿನ ಬಿಡಿ. ಹೊರಡುವ ಹಿಂದಿನ ಸಂಜೆ ಹವಾಮಾನ ನೋಡಿ, ಕಟ್ಟೆಯಲ್ಲಿ ವಿಚಾರಿಸಿ. ಮರುದಿನ ಬಿರುಗಾಳಿ ಅಂದರೆ ಬೆಳಗಿನ ಮೊದಲ ದೋಣಿಗೇ ಬಂದುಬಿಡಿ, ಸಂಜೆಯದ್ದನ್ನು ನೆಚ್ಚಬೇಡಿ. ಡೂಲಿನ್ ದೋಣಿ ನಿಂತಿದ್ದರೂ ರೊಸ್ಸಾವೀಲ್ ದೋಣಿ ಹೋಗುವ ದಿನಗಳಿರುತ್ತವೆ, ಅದನ್ನೂ ಕೇಳಿ ನೋಡಿ. ಎರಡೂ ಇಲ್ಲದಿದ್ದರೆ ನೀವು ತಂಗಿದ್ದ ಮನೆಯವರಿಗೆ ತಕ್ಷಣ ಹೇಳಿ, ಇನ್ನೊಂದು ರಾತ್ರಿಗೆ ಕೋಣೆ ಹಿಡಿದುಕೊಳ್ಳಿ.